ಸೂರ್ಯ ಅತ್ತ, ನಾವು ಇತ್ತ

ಸಂಕ್ರಾಂತಿ ದಿನ ಸೂರ್ಯ ಉತ್ತರಕ್ಕೆ ಹೊರಟ ಅಂತ ಊರಲ್ಲಿ ಎಲ್ಲರಿಗೂ ಖುಷಿ. ಮೆಲ್ಬರ್ನಿನಲ್ಲಿರುವ ನಮಗೆ ಅದರಲ್ಲಿ ಖುಷಿಪಡುವಂಥದ್ದೇನೂ ಇಲ್ಲ. ಅವನು ಹೊರಟಿದ್ದು ನಮ್ಮನ್ನು ಬಿಟ್ಟು. ಡಿಸೆಂಬರ್ 22ರ ಸುಮಾರಿಗೆ ಇಲ್ಲಿ ಹಗಲು ಅತಿ ಉದ್ದ, ಆಮೇಲೆ ದಿನದಿನಕ್ಕೂ ಗಿಡ್ಡ. ಜನವರಿಯಲ್ಲಿ ಕೆಲವು ಸಲ 40 ಡಿಗ್ರಿ ಬಿಸಿಲು. ಚಳಿಗೆ ಎಳ್ಳು ತಿಂದರೆ ಮೈ ಬೆಚ್ಚಗಿರುತ್ತೆ ಅಂತ ಅಜ್ಜಿ ಹೇಳುತ್ತಿದ್ದಳು. ಇಲ್ಲಿ ಮೊದಲು ಎಸಿ ಹಾಕಿ ಮೈ ತಣ್ಣಗೆ ಮಾಡಿಕೊಳ್ಳಬೇಕು, ಆಮೇಲೆ ಎಳ್ಳು ತಿಂದು ಬೆಚ್ಚಗಾಗಬೇಕು.

ಯುಗಾದಿಯ ಕಥೆ ಇನ್ನೂ ಚೆನ್ನ. ಚಿಗುರಿನ ಹಬ್ಬ ಬರುವುದು ಇಲ್ಲಿ ಎಲೆ ಉದುರುವ ಕಾಲಕ್ಕೆ. ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ಫೋನು, 'ಹೊಸ ವರ್ಷದ ಶುಭಾಶಯ' ಅಂತ ಹೇಳುತ್ತಾ ಹಿತ್ತಲು ಗುಡಿಸುತ್ತೇವೆ. ತೋರಣಕ್ಕೆ ಮಾವಿನೆಲೆ ಬದಲು ಮ್ಯಾಗ್ನೋಲಿಯಾ ಎಲೆ. ದೂರದಿಂದ ನೋಡಿದರೆ ಮಾವೇ, ಹತ್ತಿರ ಹೋಗಬಾರದು ಅಷ್ಟೆ. ಬೇವು ಮಾತ್ರ ಸಿಗುವುದಿಲ್ಲ. ತಮಾಷೆ ಅಂದರೆ ಇದೇ ದೇಶದ ಉತ್ತರ ತುದಿಯಲ್ಲಿ, ಡಾರ್ವಿನ್ ಕಡೆ, ಬೇವು ಹಬ್ಬಿದ ರಭಸಕ್ಕೆ ನಾರ್ದರ್ನ್ ಟೆರಿಟರಿ ಸರ್ಕಾರ ಅದನ್ನು ಕಳೆ ಅಂತಲೇ ಘೋಷಿಸಿದೆ. ಅಲ್ಲಿ ಕಿತ್ತು ಬಿಸಾಡಿ ಅನ್ನುತ್ತಾರೆ, ಇಲ್ಲಿ ಒಂದೆಸಳು ಸಿಕ್ಕರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಮಧ್ಯೆ ಮೂರು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಗೆಳತಿಯೊಬ್ಬಳು ಎಲ್ಲಿಂದಲೋ ಬೇವಿನ ಪುಡಿ ಸಂಪಾದಿಸಿ ಬೆಲ್ಲಕ್ಕೆ ಕಲಸಿ ಕೊಟ್ಟಳು. ಅದು ಮುಖಕ್ಕೆ ಹಚ್ಚುವ ಪುಡಿ ಅನ್ನುವುದು ಎಲ್ಲರೂ ನುಂಗಿದ ಮೇಲೆ ಗೊತ್ತಾಯಿತು. ಆ ವರ್ಷ ಯಾರಿಗೂ ಮೊಡವೆ ಬರಲಿಲ್ಲ, ಅದೊಂದು ಪುಣ್ಯ.

ಇದನ್ನೆಲ್ಲ ಕೇಳಿ ಕೇಳಿ ಮೈಸೂರಿನ ಅಮ್ಮನಿಗೆ ಕರುಳು ಚುರುಕ್ ಅಂದಿರಬೇಕು. ರಜೆ ಮುಗಿಸಿ ನಾನು ವಾಪಸ್ ಹೊರಟಾಗ ಜೊತೆಗೆ ತಾನೂ ಹೊರಟಳು. ಸೂಟ್‌ಕೇಸಿನಲ್ಲಿ ಸೀರೆ ಕಡಿಮೆ, ಹಬ್ಬ ಜಾಸ್ತಿ. ಆಸ್ಟ್ರೇಲಿಯಾದಲ್ಲಿ ತಿನ್ನುವ ವಸ್ತು ತಂದರೆ ಚೀಟಿಯಲ್ಲಿ ಬರೆದು ತೋರಿಸಬೇಕು, ಮುಚ್ಚಿಟ್ಟರೆ ಸಾವಿರಾರು ಡಾಲರ್ ದಂಡ. ದಂಡ ಅಂದಿದ್ದೇ ತಡ, ಅಮ್ಮ ಕೆಮ್ಮಿಗೆ ಇಟ್ಟುಕೊಂಡಿದ್ದ ಎರಡು ಲವಂಗವನ್ನೂ ಬರೆಸಿದಳು.

ವಿಮಾನ ನಿಲ್ದಾಣದ ತಪಾಸಣೆ ಮೇಜಿನ ಹಿಂದೆ ನೀಲಿ ಕೈಗವಸು ಹಾಕಿದ ಹುಡುಗ. ಮೊದಲು ಹೋಗಿದ್ದು ಧಾರವಾಡ ಪೇಡ. ಹಾಲಿನ ಪದಾರ್ಥ, ಒಳಗೆ ಬಿಡಲ್ಲ. ಹಿಂದೆಯೇ ತುಪ್ಪ. ಕೊನೆಗೆ ಹಳೇ ಟವೆಲ್ಲಿನಲ್ಲಿ ಸುತ್ತಿದ್ದ ಸಕ್ಕರೆ ಅಚ್ಚಿನ ಮರದ ಮಣೆಗಳು ಹೊರಬಂದವು. ಆನೆ, ಗಿಳಿ, ಗೋಪುರ. ಎರಡೆರಡು ಭಾಗ ಜೋಡಿಸಿ ದಾರ ಕಟ್ಟಿದ್ದಳು. ಹುಡುಗ ದಾರ ಬಿಚ್ಚಿದ. ಆನೆಯ ಹೊಟ್ಟೆ ಕಡೆಯಲ್ಲಿ ಸಾಸಿವೆ ಗಾತ್ರದ ತೂತು. ಟಾರ್ಚ್ ಹಾಕಿ ನೋಡಿದ, ಬಿಳಿ ಹಾಳೆಯ ಮೇಲೆ ತಟ್ಟಿದ. ಚಿಟಿಕೆಯಷ್ಟು ಪುಡಿ ಉದುರಿತು. ಹುಳ ತಿಂದ ಪುಡಿಯೋ, ಹಳೇ ಸಕ್ಕರೆಯೋ ಅಂತ ಅವನಿಗೆ ಅನುಮಾನ.

"ಆ ತೂತು ನಮ್ಮತ್ತೆ ಕಾಲದ್ದು ಕಣಪ್ಪಾ. ಆ ಹುಳ ಸತ್ತು ಅದರ ಮೊಮ್ಮಕ್ಕಳೂ ಸತ್ತಿರುತ್ತೆ" ಅಂತ ಅಮ್ಮ ಕನ್ನಡದಲ್ಲೇ ಸಮಾಧಾನ ಹೇಳಿದಳು. ನಾನು ಭಾಷಾಂತರಿಸುವ ಸಾಹಸ ಮಾಡಲಿಲ್ಲ. ಹುಡುಗ ಒಳ್ಳೆಯವನೇ. ಬಿಸಾಡಬಹುದು, ವಾಪಸ್ ಕಳಿಸಬಹುದು, ಇಲ್ಲಾಂದ್ರೆ ದುಡ್ಡು ಕಟ್ಟಿ ಹೊಗೆ ಹಾಕಿಸಿಕೊಳ್ಳಬಹುದು ಅಂದ. ಅಮ್ಮ ಹೊಗೆಗೆ ಒಪ್ಪಿದಳು. ಅದರ ದುಡ್ಡಲ್ಲಿ ಬೆಳ್ಳಿಯದೇ ಒಂದು ಆನೆ ಬರುತ್ತಿತ್ತು.

ಮನೆಗೆ ಬಂದ ಕೂಡಲೇ ನನ್ನ ಗಂಡ ಕೇಳಿದ್ದು ಒಂದೇ, "ಪೇಡೆ ಎಲ್ಲಿ ಅದಾವ?" ಅವರಿಗೆ ವಿಷಯ ಹೇಳುವ ಧೈರ್ಯ ಅಮ್ಮನಿಗೆ ಊಟವಾದ ಮೇಲೆ ಬಂತು.

ಮಣೆ ಬರುವಷ್ಟರಲ್ಲಿ ಹಬ್ಬ ಮುಗಿದುಹೋಗುತ್ತಿತ್ತು. ಹಾಗಾಗಿ ಮಗಳ ಚಾಕಲೇಟ್ ಅಚ್ಚೇ ಗತಿಯಾಯಿತು. ಅದರಲ್ಲಿದ್ದಿದ್ದು ಡೈನೋಸಾರ್ ಮಾತ್ರ. ಅಮ್ಮ ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ನಿಂಬೆರಸ ಬಿಟ್ಟು, ಬೆಳ್ಳಗಾಗುವ ತನಕ ತಿರುವಿ ತಿರುವಿ ಹೊಯ್ದಳು. ಕೊಂಬು ಮುರಿಯದಂತೆ ಬಿಡಿಸಿ ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿದಳು. "ಇದೂ ಯಾವುದೋ ದೇವರ ವಾಹನ ಅಂದ್ಕೊಂಡ್ರಾಯ್ತು."

ಕೊಬ್ಬರಿ ಹೆಚ್ಚುವ ಕೆಲಸ ನನ್ನದು. ಕಂದು ಸಿಪ್ಪೆ ಹೆರೆದು, ಬೆರಳುಗುರಿನಷ್ಟು ಚೌಕ ಮಾಡಬೇಕು. ಬೆಲ್ಲದ್ದೂ ಅದೇ ಅಳತೆ. ಇಂಡಿಯನ್ ಅಂಗಡಿಯ ಬೆಲ್ಲವೋ, ಕಡಪಾ ಕಲ್ಲು. ಚಾಕು ಬಾಗಿತು. ಗಂಡ ಗ್ಯಾರೇಜಿನಿಂದ ಉಳಿ ತಂದರು. ಅವರು ಏಟು ಹಾಕಿದಾಗಲೆಲ್ಲ ಅರ್ಧ ಬೆಲ್ಲ ತಟ್ಟೆಗೆ, ಅರ್ಧ ಸೋಫಾ ಕೆಳಗೆ.

ಕಬ್ಬು? ಕ್ವೀನ್ಸ್‌ಲ್ಯಾಂಡಿನ ಕಬ್ಬಿನಿಂದ ಸಕ್ಕರೆ ಮಾಡಿ ಜಗತ್ತಿಗೆಲ್ಲ ಮಾರುವ ದೇಶದಲ್ಲಿ ನಮಗೊಂದು ಜಲ್ಲೆ ಸಿಗಲಿಲ್ಲ. ಫುಟ್‌ಸ್ಕ್ರೇ ಬಡಾವಣೆಯ ವಿಯೆಟ್ನಾಂ ಅಂಗಡಿಯಲ್ಲಿ ಕೊನೆಗೂ ಒಂದು ಕಣ್ಣಿಗೆ ಬಿತ್ತು. ಗಿಣ್ಣು, ಸೋಗೆ ಎಲ್ಲ ಇದ್ದ ಪಕ್ಕಾ ಕಬ್ಬು. ನಾನು ಪರ್ಸ್ ತೆಗೆಯುವಷ್ಟರಲ್ಲಿ ಅಂಗಡಿಯಾಕೆ ಪ್ರೀತಿಯಿಂದ ಸಿಪ್ಪೆ ಹೆರೆದು, ತುಂಡು ಮಾಡಿ, ಕವರಿಗೆ ತುಂಬಿ ಕೊಟ್ಟರು. ದೇವರ ಪಕ್ಕ ನಿಲ್ಲಬೇಕಿದ್ದ ಕಬ್ಬು ಟಪ್ಪರ್‌ವೇರ್ ಡಬ್ಬಿಯಲ್ಲಿ ಮಲಗಿತು.

ಆದರೆ ಎಳ್ಳು ಬೆಲ್ಲ ಮಾಡುವುದಲ್ಲ ಕಷ್ಟ, ಬೀರುವುದು. ಊರಲ್ಲಿ ತಟ್ಟೆ ಹಿಡಿದು ಹೊರಟರೆ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಕೊಟ್ಟಿದ್ದಕ್ಕಿಂತ ಬಂದಿದ್ದೇ ಜಾಸ್ತಿ ಆಗಿರುತ್ತದೆ. ಇಲ್ಲಿ ಯಾರ ಮನೆಗೆ ಹೋಗೋದು? ಕನ್ನಡದವರ ಮನೆ ಹತ್ತಿರದ್ದು ಅಂದರೂ ಕಾರಿನಲ್ಲಿ ಮುಕ್ಕಾಲು ಗಂಟೆ. ಹಬ್ಬವನ್ನು ಶನಿವಾರಕ್ಕೆ ತಳ್ಳಿ ಹಾಲ್ ಬಾಡಿಗೆಗೆ ಹಿಡಿದರೆ ಎಲ್ಲರ ಕೈಯಲ್ಲೂ ಅದೇ ಎಳ್ಳು, ಅದೇ ಬೆಲ್ಲ. ಹಾಗಾಗಿ ಲಂಗ ಉಟ್ಟ ಮಗಳು ಪಕ್ಕದ ಮನೆ ಅಜ್ಜನಿಗೆ ಒಂದು ಡಬ್ಬಿ ಎಳ್ಳು ಬೆಲ್ಲ, ಒಂದು ಡೈನೋಸಾರ್ ಕೊಟ್ಟು ಬಂದಳು.

ಮರುದಿನ ಅಜ್ಜ ಡಬ್ಬಿ ವಾಪಸ್ ತಂದರು, ಅದರ ತುಂಬ ತಮ್ಮ ಹಿತ್ತಲಿನ ನಿಂಬೆಹಣ್ಣು. ಡಬ್ಬಿ ಖಾಲಿ ಕೊಡಬಾರದು ಅನ್ನುವುದು ಇವರಿಗೂ ಗೊತ್ತಲ್ಲಾ ಅಂತ ಅಮ್ಮನಿಗೆ ಹಿಗ್ಗು. ಅಜ್ಜ ಹೇಳಿದರು: "ಡೈನೋಸಾರ್ ನಾನು ತಿಂದೆ, ಚೆನ್ನಾಗಿತ್ತು. ಕಾಳು ಹಾಕಿದ್ದೆ, ಹಕ್ಕಿಗಳಿಗೆ ತುಂಬಾ ಇಷ್ಟ ಆಯ್ತು. ಇನ್ನೂ ಇದ್ಯಾ?"

ಎಳ್ಳು, ಕಡಲೆಬೀಜ, ಹುರಿಗಡಲೆ. ಅವರ ತಪ್ಪೇನು ಪಾಪ.

ಅಂದಿನಿಂದ ಕಾಕಟೂ ಅನ್ನುವ, ಹಳದಿ ಜುಟ್ಟಿನ ದೊಡ್ಡ ಬಿಳಿ ಗಿಳಿಗಳ ಹಿಂಡು ಬೆಳಗಿನ ಜಾವವೇ ನಮ್ಮ ಬೇಲಿ ಮೇಲೆ ಹಾಜರ್. ಕಾಕಟೂ ಕಿರುಚುವುದನ್ನು ಕೇಳದವರಿಗೆ ಅದನ್ನು ವಿವರಿಸಿ ಪ್ರಯೋಜನವಿಲ್ಲ. ಅಮ್ಮ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದು ಅವಕ್ಕೇ ಹೇಳುತ್ತಿದ್ದಳು, "ನಮ್ಮನೆ ಎಳ್ಳು ಬೆಲ್ಲ ತಿಂದಿದ್ದೀರಿ, ಸ್ವಲ್ಪ ಒಳ್ಳೇ ಮಾತಾಡ್ರೋ!"

ಫೆಬ್ರವರಿಯಲ್ಲಿ ಅಚ್ಚಿನ ಮಣೆಗಳು ಹೊಗೆ ಕುಡಿದು, ಸೀಲ್ ಹಾಕಿಸಿಕೊಂಡು ಮನೆಗೆ ಬಂದವು. ಅಮ್ಮ ತೊಳೆದು ಡೆಕ್ಕಿನ ಮೇಲೆ ಬಿಸಿಲಿಗಿಟ್ಟು ಒಳಗೆ ಬಂದಳು. ಕಾಕಟೂಗೆ ಮರ ಕಡಿಯುವ ಚಟ ಅಂತ ಅವಳಿಗೆ ಹೇಳಿದವರಾರು? ನಾವು ಓಡಿ ಹೋಗುವಷ್ಟರಲ್ಲಿ ಒಂದು ಹಕ್ಕಿ ಮಣೆಯ ಅರ್ಧ ಭಾಗವನ್ನು ಕಾಲಲ್ಲಿ ಒತ್ತಿ ಹಿಡಿದು ಆರಾಮಾಗಿ ಸಿಗಿಯುತ್ತಿತ್ತು.

"ಯಾವುದೇ ಅದು?" ಅಂತ ಒಳಗಿಂದ ಅಮ್ಮ ಕೂಗಿದಳು.

"ಗಿಳಿದಮ್ಮ" ಅಂದೆ.