ಪೂರ್ತಿ ಗುಣವಾಗಲಿ, ಆಮೇಲೆ ನೋಡೋಣ ಎನ್ನುವವರಿಗೆ

ನಿನ್ನೆ ಮುಂಬಯಿ ಕನ್ನಡಿಗರ ನಮ್ಮ ಸಂಘದ ಸಭೆಯಲ್ಲಿ ಆರ್ಥಿಕ ನೆರವಿನ ಅರ್ಜಿಗಳನ್ನು ನೋಡುತ್ತಿದ್ದಾಗ, ಡೊಂಬಿವಲಿಯಿಂದ ಬಂದಿದ್ದ ತಾಯಿಯೊಬ್ಬರು ಎದ್ದು ನಿಂತು, "ನನಗೆ ಹಣ ಬೇಡ, ಮಗನಿಗೆ ಒಂದು ಕೆಲಸ ಕೊಡಿಸಿ" ಎಂದು ಕೇಳಿದರು. ಮಗನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇದೆ, ಮೂರು ವರ್ಷಗಳಿಂದ ಮಾತ್ರೆ ತಪ್ಪಿಸಿಲ್ಲ, ಬಿ.ಕಾಂ. ಆಗಿದೆ, ಲೆಕ್ಕ ಬರೆಯಬಲ್ಲ ಎಂದು ಏನನ್ನೂ ಮುಚ್ಚಿಡದೆ ಹೇಳಿದರು. ವೇದಿಕೆಯ ಮೇಲಿದ್ದ ಹಿರಿಯರೊಬ್ಬರು ಬಹಳ ಮೃದುವಾಗಿಯೇ, "ಮೊದಲು ಪೂರ್ತಿ ಗುಣವಾಗಲಿ ಅಮ್ಮಾ, ಆಮೇಲೆ ನೋಡೋಣ" ಎಂದರು. ಎಲ್ಲರೂ ತಲೆಯಾಡಿಸಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪೂರ್ತಿ ಗುಣವಾಗುವುದೆಂದರೆ ಏನು? ದಿನವೂ ಇನ್ಸುಲಿನ್ ಚುಚ್ಚಿಕೊಂಡು ಹೋಟೆಲಿನ ಗಲ್ಲಾದಲ್ಲಿ ಕೂರುವವರನ್ನು ನಾವು ಹಾಗೆ ಕೇಳಿದ್ದುಂಟೆ?

ನನ್ನ ತಮ್ಮನಿಗೂ ಮಾನಸಿಕ ಕಾಯಿಲೆ ಇರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಆದರೆ ಇದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ: ಆಸ್ಪತ್ರೆಯ ಚೀಟಿ ತೋರಿಸಿದ್ದಕ್ಕೆ ಕೆಲಸ ಕಳೆದುಕೊಂಡು ಅವನು ಮನೆಗೆ ಬಂದ ಮೇಲೆ, "ಪೂರ್ತಿ ಗುಣವಾಗು, ಆಮೇಲೆ ಹೋಗುವೆಯಂತೆ" ಎಂದು ಆರು ವರ್ಷ ಹೇಳಿ ಕೂರಿಸಿದವನು ನಾನೇ. ಪ್ರೀತಿಯಿಂದಲೇ ಹೇಳಿದ್ದೆ. ಅವನ ಹಗಲು ರಾತ್ರಿಗಳು ಅದಲುಬದಲಾದವು, ನಮ್ಮ ಚಾಳಿನ ನೆರೆಹೊರೆಯವರ ಎದುರು ಬರುವುದನ್ನು ಬಿಟ್ಟ, ಕ್ಷೌರಕ್ಕೆ ಬೇಕಾದ ಹಣಕ್ಕೂ ಅಣ್ಣನ ಮುಂದೆ ನಿಲ್ಲಬೇಕಾಯಿತು. ಕೊನೆಗೆ ಅವನಿಗೆ ಕೆಲಸ ಕೊಟ್ಟವರು ನಮ್ಮ ಗಲ್ಲಿಯ ಝೆರಾಕ್ಸ್ ಅಂಗಡಿಯ ಮರಾಠಿ ಕಾಕಾ. ರಾತ್ರಿ ಮಾತ್ರೆಯ ಮಂಪರು ಬೆಳಗ್ಗೆ ಹತ್ತರವರೆಗೂ ಇಳಿಯುವುದಿಲ್ಲ ಎಂದಾಗ ಹನ್ನೊಂದಕ್ಕೆ ಬಾ ಎಂದರು; ಒಂದೇ ಉಸಿರಿಗೆ ಐದು ಕೆಲಸ ಹೇಳಿದರೆ ಗಲಿಬಿಲಿಗೊಳ್ಳುತ್ತಾನೆಂದು ಕಂಡುಕೊಂಡು ಚೀಟಿಯಲ್ಲಿ ಬರೆದುಕೊಟ್ಟರು; ಆಸ್ಪತ್ರೆಯ ದಿನ ರಜೆ ಕೊಟ್ಟರು. ಎಂಟೂವರೆಯ ಲೋಕಲ್‌ನ ನೂಕುನುಗ್ಗಲಿನಲ್ಲಿ ಅವನನ್ನು ಸಿಎಸ್‌ಎಂಟಿವರೆಗೆ ಕಳಿಸಿದ್ದರೆ ಒಂದು ವಾರವೂ ನಿಲ್ಲುತ್ತಿರಲಿಲ್ಲ. ಆ ಅಂಗಡಿಯಲ್ಲಿ ಅವನು ಏಳು ವರ್ಷಗಳಿಂದ ಇದ್ದಾನೆ.

ಕಾಕಾ ತಮ್ಮ ತಿಳಿವಳಿಕೆಯಿಂದ ಮಾಡಿದ್ದಕ್ಕೆ ಒಂದು ಶಾಸ್ತ್ರವೂ ಇದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1990ರ ದಶಕದ ಆರಂಭದಲ್ಲಿ ಸಂಶೋಧಕರಾದ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ ರೂಪಿಸಿದ ಪದ್ಧತಿಯಲ್ಲಿ, ಕೆಲಸ ಮಾಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಮೊದಲು ನಿಜವಾದ ಸಂಬಳದ ಕೆಲಸ, ಅದರಲ್ಲಿದ್ದುಕೊಂಡೇ ಕಲಿಕೆ. ಕೆಲಸ ಹುಡುಕಿಕೊಟ್ಟವರು ಚಿಕಿತ್ಸೆ ಕೊಡುವವರ ಜೊತೆಗೂಡಿ ಆಮೇಲೂ ಬೆನ್ನಿಗೆ ನಿಲ್ಲುತ್ತಾರೆ. ಇದಕ್ಕೆಲ್ಲ ದೊಡ್ಡ ತಜ್ಞರ ಪಡೆಯೇ ಬೇಕೆಂದು ಹಿಂಜರಿಯಬೇಕಾಗಿಲ್ಲ. ಗೋವಾ, ಸಾತಾರಾ ಮತ್ತು ತಮಿಳುನಾಡಿನಲ್ಲಿ ಊರಿನ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು ಸ್ಕಿಜೋಫ್ರೇನಿಯಾ ಇರುವವರ ಮನೆಗಳಿಗೆ ಕಳಿಸಿದ ಅಧ್ಯಯನದ ಫಲ 2014ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ವೈದ್ಯರ ಚಿಕಿತ್ಸೆಯ ಜೊತೆಗೆ ಇಂಥವರ ನೆರವೂ ಸಿಕ್ಕವರ ದಿನನಿತ್ಯದ ಬದುಕು ಅಷ್ಟಿಷ್ಟು ಸುಧಾರಿಸಿತ್ತು.

ಸರಕಾರ ನೋಡಿಕೊಳ್ಳಲಿ ಎನ್ನುವವರೂ ಸಭೆಯಲ್ಲಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಮಾನಸಿಕ ಕಾಯಿಲೆಯನ್ನೂ ಒಳಗೊಂಡಿದೆ, ಸರಕಾರಿ ಹುದ್ದೆಗಳಲ್ಲಿ ಶೇಕಡಾ 4ರಷ್ಟು ಮೀಸಲಾತಿ ಇದೆ ಎಂಬುದು ನಿಜ. ಆದರೆ ಅದರಲ್ಲಿ ಶೇಕಡಾ 1ನ್ನು ಮಾನಸಿಕ ಕಾಯಿಲೆಯವರು ಆಟಿಸಂ, ಬೌದ್ಧಿಕ ನ್ಯೂನತೆ, ಕಲಿಕಾ ನ್ಯೂನತೆ, ಬಹುವಿಧ ಅಂಗವೈಕಲ್ಯ ಇರುವವರೊಂದಿಗೆ ಹಂಚಿಕೊಳ್ಳಬೇಕು. ಆ ತಾಯಿ ಅದಕ್ಕಾಗಿ ಎಷ್ಟು ವರ್ಷ ಕಾಯಬೇಕು?

ಹೋಟೆಲು ಮಾಲೀಕರೊಬ್ಬರು ನನ್ನನ್ನು ಬದಿಗೆ ಕರೆದು, "ಅಡುಗೆಮನೆಯಲ್ಲಿ ಚೂರಿ ಇರುತ್ತದೆ, ಕಾದ ಎಣ್ಣೆ ಇರುತ್ತದೆ, ಏನಾದರೂ ಆದರೆ ಹೊಣೆ ಯಾರು" ಎಂದು ಕೇಳಿದರು. ಆ ಹುಡುಗ ಕೇಳಿದ್ದು ಲೆಕ್ಕ ಬರೆಯುವ ಕೆಲಸವನ್ನು. ಇಂಥವರು ಇನ್ನೊಬ್ಬರಿಗೆ ಪೆಟ್ಟು ಕೊಡುವುದಕ್ಕಿಂತ ತಾವು ಪೆಟ್ಟು ತಿನ್ನುವುದೇ ಹೆಚ್ಚೆಂದು ಎಷ್ಟೋ ಅಧ್ಯಯನಗಳು ತೋರಿಸಿವೆ. ಈ ಭಯಕ್ಕೆ ನಾನು ಇನ್ನು ಮಣೆ ಹಾಕುವುದಿಲ್ಲ.

ನನಗೆ ಹೆಚ್ಚು ನೋವಾದದ್ದು ಇದು ನಮ್ಮ ಸಂಘದಲ್ಲಿ ನಡೆಯಿತೆಂದು. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರ ಮಕ್ಕಳು ನಾವು. ಹಗಲೆಲ್ಲ ಟೇಬಲು ಒರೆಸಿದ ಹುಡುಗ ಸಂಜೆ ಪುಸ್ತಕ ಹಿಡಿದು ಹೊರಡಲೆಂದು ಪಾಳಿ ಬದಲಿಸಿಕೊಟ್ಟ ಮಾಲೀಕರಿದ್ದರು. ನನ್ನ ಅಪ್ಪ ಎಸ್‌ಎಸ್‌ಸಿ ಮುಗಿಸಿದ್ದೇ ಅಂಥ ಒಬ್ಬರ ದಯೆಯಿಂದ. ಮೊದಲು ಓದು ಮುಗಿಸಿಕೊಂಡು ಬಾ ಎಂದು ಅವರು ಹೇಳಿದ್ದರೆ ಅಪ್ಪ ಊರಿಗೆ ಮರಳುತ್ತಿದ್ದರು, ನಾನು ಇಲ್ಲಿ ಇದನ್ನು ಬರೆಯುತ್ತಿರಲಿಲ್ಲ.

ಮುಂದಿನ ಸಭೆಗೆ ಲಿಖಿತ ಪ್ರಸ್ತಾವ ತರುತ್ತಿದ್ದೇನೆ: ಕೆಲಸ ಬಯಸುವವರ ಜೊತೆಗೆ ಮೊದಲ ಆರು ತಿಂಗಳು ಸಂಘದ ಒಬ್ಬರು ಇರಬೇಕು, ವಾರಕ್ಕೊಮ್ಮೆ ಅವರನ್ನೂ ಮಾಲೀಕರನ್ನೂ ಕಂಡು ಮಾತಾಡಬೇಕು, ಕಾಯಿಲೆಯ ವಿಷಯ ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೋಗಬಾರದು. ಮೊದಲ ಹೆಸರು ನನ್ನದನ್ನೇ ಬರೆದಿದ್ದೇನೆ. ಡೊಂಬಿವಲಿ, ಠಾಣೆ, ಕಲ್ಯಾಣದ ಕಡೆ ಹನ್ನೊಂದರಿಂದ ಮೂರರವರೆಗೆ ಲೆಕ್ಕ ಬರೆಯುವವರು ಬೇಕಾದವರಿದ್ದರೆ ದಯವಿಟ್ಟು ಭಾನುವಾರದೊಳಗೆ ನನಗೆ ತಿಳಿಸಿ. ಆ ತಾಯಿಗೆ ಫೋನು ಮಾಡುತ್ತೇನೆಂದು ಮಾತು ಕೊಟ್ಟಿದ್ದೇನೆ.