ಕಪ್ಪೆಗೆ ಕಂಕಣಬಲ

ಮೃಗಶಿರಾ ಮಳೆ ಕೈಕೊಟ್ಟು ಆರಿದ್ರಾ ಮಳೆಯೂ ಮುಖ ತಿರುಗಿಸಿದರೆ ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಎರಡು ಕಾರ್ಯಗಳು ಒಟ್ಟಿಗೇ ಶುರುವಾಗುತ್ತವೆ: ಮೋಡ ಬಿತ್ತನೆಗೆ ಆಗ್ರಹಿಸಿ ಮನವಿ ಸಲ್ಲಿಸುವುದು ಮತ್ತು ಕಪ್ಪೆಗೆ ಹೆಣ್ಣು ನೋಡುವುದು. ಮೊದಲನೆಯದಕ್ಕೆ ವಿಮಾನ ಬೇಕು, ಕೋಟಿಗಟ್ಟಲೆ ಹಣ ಬೇಕು, ಇಷ್ಟೆಲ್ಲ ಆದ ಮೇಲೆ ಆಕಾಶದಲ್ಲಿ ಮೋಡವೂ ಇರಬೇಕು. ಎರಡನೆಯದಕ್ಕೆ ಒಂದು ಬುಟ್ಟಿ, ಒಂದು ಬ್ಯಾಂಡ್ ಸೆಟ್ಟು ಮತ್ತು ಊರ ಹಿರಿಯರ ಒಪ್ಪಿಗೆ ಸಾಕು. ಮಿತವ್ಯಯದ ದೃಷ್ಟಿಯಿಂದ ಕಪ್ಪೆ ಮದುವೆಗೇ ನನ್ನ ಮತ.

ಮದುವೆಯಲ್ಲಿ ಶಾಸ್ತ್ರಕ್ಕೇನೂ ಕೊರತೆಯಿರುವುದಿಲ್ಲ. ಹಂದರ ಹಾಕುತ್ತಾರೆ, ಸುರಗಿ ಸುತ್ತುತ್ತಾರೆ, ವಧು ಜಿಗಿದು ಓಡಿಹೋಗದಂತೆ ಹಿಂಗಾಲಿಗೆ ದಾರ ಬಿಗಿದು, ಮೇಲೆ ಅಂಗೈಯಗಲದ ಖಣದ ತುಂಡು ಹೊದಿಸುತ್ತಾರೆ. ಬೀಗರು ಸಾಲಾಗಿ ನಿಂತು ಅಕ್ಕಿಕಾಳು ಹಾಕುತ್ತಾರೆ. ಕಪ್ಪೆ ಬಾಯಿಯಿಂದ ನೀರು ಕುಡಿಯುವ ಪ್ರಾಣಿಯಲ್ಲ; ಹೊಟ್ಟೆಯ ಕೆಳಭಾಗದ ತೆಳುವಾದ ಚರ್ಮದಿಂದಲೇ ಅದು ನೀರನ್ನು ಹೀರಿಕೊಳ್ಳುತ್ತದೆ, ಉಸಿರಿನ ಒಂದು ಪಾಲನ್ನೂ ಚರ್ಮದಿಂದಲೇ ಪಡೆಯುತ್ತದೆ. ಅಂಥ ಚರ್ಮಕ್ಕೆ ಅರಿಶಿಣ, ಕುಂಕುಮ ಮೆತ್ತಿ ಉರಿಬಿಸಿಲಿನಲ್ಲಿ ಮೆರವಣಿಗೆ ಹೊರಡಿಸುವುದು, ಮದುಮಗನ ಮೂಗು-ಬಾಯಿ ಮುಚ್ಚಿ ಹಿಡಿದು ಆರತಿ ಬೆಳಗಿದಂತೆ.

ವರ ಯಾರು, ವಧು ಯಾರು ಎಂಬ ಪ್ರಶ್ನೆಯನ್ನು ಯಾವ ಸಮಿತಿಯೂ ಎತ್ತುವುದಿಲ್ಲ. ಕೇಳಿ ನೋಡಿ, “ಗಂಡೋ ಹೆಣ್ಣೋ ಯಾಂವ ನೋಡ್ಯಾನ್ರೀ, ಮಳಿ ಬಂದ್ರ ಸಾಕು” ಎಂಬ ಉತ್ತರ ಬರುತ್ತದೆ. ನಮ್ಮ ಹೊಲಗದ್ದೆಗಳ ದೊಡ್ಡ ಕಪ್ಪೆಯಲ್ಲಿ ಗಂಡನ್ನು ಗುರುತಿಸಲು ಕಷ್ಟವೇನಿಲ್ಲ: ಮಳೆ ಹಿಡಿದ ಮೇಲೆ ಅದು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಗಂಟಲಿನ ಎರಡೂ ಬದಿಗೆ ನೀಲಿ ಚೀಲಗಳನ್ನು ಉಬ್ಬಿಸಿ ಕೂಗುತ್ತದೆ, ಹೆಣ್ಣು ಆ ಕೂಗು ಕೇಳಿಯೇ ಬರುತ್ತದೆ. ಅಂದರೆ ಕಪ್ಪೆಗಳ ಲಗ್ನಕ್ಕೆ ಮಳೆಯೇ ಮುಹೂರ್ತ. ಮುಹೂರ್ತವನ್ನು ತರಿಸಲು ಲಗ್ನ ಮಾಡುವ ನಮ್ಮ ಜನ, ಮಳೆ ಹಚ್ಚಬೇಕಾದ ಹಳದಿಯನ್ನು ತಾವೇ ಅರಿಶಿಣದಿಂದ ಹಚ್ಚಿ ಮುಗಿಸುತ್ತಾರೆ.

ಇನ್ನು ಗೋತ್ರದ ವಿಚಾರ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಸ್. ಕೆ. ಸೈದಾಪುರ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಕಪ್ಪೆಗಳ ಸಂತಾನಕ್ರಮವನ್ನೇ ಅಭ್ಯಾಸ ಮಾಡಿದರು. ನೆಲಗಪ್ಪೆಯ ಗೊದಮೊಟ್ಟೆಗಳು ತಮ್ಮ ಒಡಹುಟ್ಟುಗಳನ್ನು ಗುರುತಿಸಿ ಅವುಗಳ ಜೊತೆಗೇ ಇರಲು ಬಯಸುತ್ತವೆ ಎಂದು ಪ್ರಯೋಗ ಮಾಡಿ ತೋರಿಸಿದರು. ಬೆರಳುಗಾತ್ರವೂ ಇಲ್ಲದ ಗೊದಮೊಟ್ಟೆಗೆ ತನ್ನ ಬಳಗದ ಗುರುತಿದೆ. ಒಂದೇ ಹೊಂಡದಿಂದ ಎರಡು ಕಪ್ಪೆ ಹಿಡಿದು ತಂದು ತಾಳಿ ಕಟ್ಟಿಸುವ ಸಮಿತಿ ಮಾತ್ರ ಅಣ್ಣ-ತಂಗಿಗೋ ಅಣ್ಣ-ತಮ್ಮನಿಗೋ ಮದುವೆ ಮಾಡಿ ಕೈತೊಳೆದುಕೊಳ್ಳುತ್ತದೆ. ಜಾತಿಯ ಮಾತಂತೂ ದೂರವೇ ಉಳಿಯಿತು: ಒಂದು ನೆಲಗಪ್ಪೆ, ಇನ್ನೊಂದು ನೀರುಗಪ್ಪೆ ಆಗಿದ್ದರೂ ಯಾರೂ ತಕರಾರು ತೆಗೆಯುವುದಿಲ್ಲ. ಮನುಷ್ಯರ ಅಂತರ್ಜಾತಿ ಲಗ್ನಕ್ಕೆ ಊರಲ್ಲಿ ಇಷ್ಟು ಬೇಗ ಹಂದರ ಏಳುವುದನ್ನು ನಾನಂತೂ ಕಂಡಿಲ್ಲ.

ಕಪ್ಪೆಯನ್ನು ನಂಬಿ ಕೆಲಸ ಮಾಡಿಸಿಕೊಂಡವರು ಜಗತ್ತಿನಲ್ಲಿ ಬೇಕಾದಷ್ಟಿದ್ದಾರೆ. 1930ರ ದಶಕದಿಂದ ಮುಂದೆ ಕೆಲವು ದಶಕಗಳ ಕಾಲ ವೈದ್ಯರು ಆಫ್ರಿಕಾದ ಒಂದು ಹೆಣ್ಣುಕಪ್ಪೆಗೆ ಮಹಿಳೆಯ ಮೂತ್ರವನ್ನು ಚುಚ್ಚಿ, ಅದು ಮೊಟ್ಟೆಯಿಟ್ಟರೆ ಆಕೆ ಗರ್ಭಿಣಿ ಎಂದು ಹೇಳುತ್ತಿದ್ದರು. ಒಂದು ದಿನದೊಳಗೆ ಉತ್ತರ ಸಿಗುತ್ತಿತ್ತು. ನೆದರ್ಲೆಂಡ್ಸ್‌ನಲ್ಲಿ ಜೀವಂತ ಕಪ್ಪೆಯನ್ನು ಕಾಂತಶಕ್ತಿಯಿಂದ ಗಾಳಿಯಲ್ಲಿ ತೇಲಿಸಿದ ಆಂದ್ರೆ ಗೈಮ್ ಅವರಿಗೆ 2000ದಲ್ಲಿ ನಗೆಪಾಟಲಿನ ಇಗ್ ನೊಬೆಲ್ ಬಂತು, 2010ರಲ್ಲಿ ಬೇರೆ ಸಂಶೋಧನೆಗಾಗಿ ನಿಜವಾದ ನೊಬೆಲ್ಲೇ ಬಂತು. ನಮ್ಮಲ್ಲಿ ಕಪ್ಪೆಯನ್ನು ಬುಟ್ಟಿಯಲ್ಲಿ ಕೂರಿಸಿದವರಿಗೆ ಅದೇ ದಿನ ಶಾಲು, ಹಾರ, ಮರುದಿನ ಪತ್ರಿಕೆಯಲ್ಲಿ ಫೋಟೋ. ಹತ್ತು ವರ್ಷ ಕಾಯುವ ತಾಪತ್ರಯವಿಲ್ಲ.

ಮಳೆ ಹೆಚ್ಚಾದಾಗಿನ ಹೊಣೆಯ ಮಾತೇ ಬೇರೆ. ಭೋಪಾಲದಲ್ಲಿ 2019ರ ಜುಲೈನಲ್ಲಿ ಮಳೆಗಾಗಿ ಮಣ್ಣಿನ ಕಪ್ಪೆಗಳಿಗೆ ಮದುವೆ ಮಾಡಿದವರು, ಮಳೆ ಅತಿಯಾಯಿತೆಂದು ಸೆಪ್ಟೆಂಬರಿನಲ್ಲಿ ಆ ಜೋಡಿಗೆ ವಿಚ್ಛೇದನವನ್ನೂ ಕೊಡಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲೂಕಿನ ಊರುಗಳಿಗೆ ನೀರು ನುಗ್ಗಿದಾಗ ನಮ್ಮವರಿಗೆ ಈ ಉಪಾಯ ಹೊಳೆಯಲಿಲ್ಲ. ಧಾರವಾಡದಲ್ಲಿ ಹೈಕೋರ್ಟಿನ ಪೀಠವೇ ಇದ್ದೂ ಕಪ್ಪೆ ದಂಪತಿಯ ಒಂದು ಅರ್ಜಿಯೂ ದಾಖಲಾಗಲಿಲ್ಲವೆಂದರೆ ಕಾನೂನು ಅರಿವಿನಲ್ಲಿ ನಾವು ಎಷ್ಟು ಹಿಂದುಳಿದಿದ್ದೇವೆ ನೋಡಿ.

ಇತ್ತೀಚೆಗೆ ಮದುವೆಯ ನಿಜವಾದ ತೊಡಕು ಬೇರೆಯೇ ಆಗಿದೆ: ವಧೂವರರೇ ಸಿಗುತ್ತಿಲ್ಲ. ಕೆರೆಯಂಗಳಕ್ಕೆ ಮಣ್ಣು ತುಂಬಿ ನಿವೇಶನ ಹಂಚಿದ್ದಾಯಿತು, ಹಳ್ಳಕ್ಕೆ ಕಾಂಕ್ರೀಟ್ ಗೋಡೆ ಕಟ್ಟಿದ್ದಾಯಿತು, ಹೊಲದ ಬದುವಿಗೆ ಕಳೆನಾಶಕ ಹೊಡೆದದ್ದಾಯಿತು. ಆದ್ದರಿಂದ ಸಮಿತಿಯ ಹುಡುಗರು ಗಟಾರದ ಕಲ್ಲು ಎತ್ತಿ ಟಾರ್ಚು ಬಿಟ್ಟು ಹುಡುಕುತ್ತಾರೆ. ಲಗ್ನ ಮುಗಿದ ಮೇಲೆ ಜೋಡಿಯನ್ನು ಕೆರೆಗೆ ಬಿಡಬೇಕೆಂಬುದು ಪದ್ಧತಿಯಾದರೂ, ಬಿಡಲು ಕೆರೆಯಿಲ್ಲದ ಕಾರಣ ತಂದ ಗಟಾರಕ್ಕೇ ಬಿಟ್ಟು ಬರುತ್ತಾರೆ. ಜನ ಹೆಚ್ಚುತ್ತಿರುವುದರಿಂದ ಮುಂದಿನ ಸಲ ಲಗ್ನವನ್ನು ಮಂಗಲಕಾರ್ಯಾಲಯದಲ್ಲೇ ಮಾಡುವ ವಿಚಾರವಿದೆಯಂತೆ. ಆ ಕಾರ್ಯಾಲಯ ನಿಂತಿರುವುದು ಹಳೆಯ ಕೆರೆಯ ಅಂಗಳದಲ್ಲಿ. ಮಳೆ ಜೋರಾದ ವರ್ಷ ಅದರ ನೆಲಮಾಳಿಗೆಯ ಊಟದ ಹಾಲ್‌ಗೆ ಮೊಣಕಾಲುದ್ದ ನೀರು ನುಗ್ಗಿ, ಕಪ್ಪೆಗಳು ಲಗ್ನಪತ್ರಿಕೆ ಇಲ್ಲದೆಯೇ ಬಂದು ಸೇರುತ್ತವೆ, ಆಗ ಮಾಲೀಕರು ಅವುಗಳನ್ನು ಬಳಿದು ಹೊರಹಾಕಲು ದಿನಗೂಲಿಯ ಆಳು ಇಡುತ್ತಾರೆ.