ಮೀನು ಯಾವ ಇಲಾಖೆಗೆ ಬರುತ್ತೆ ಸಾರ್?

ಹೋದ ತಿಂಗಳು ನಮ್ಮ ಸೋದರಮಾವ ಮಾಗಡಿ ಕಡೆಯಿಂದ ಬೆಂಗಳೂರಿಗೆ ಬಂದಿದ್ರು. ಒಂದು ಕೈಲಿ ಹಲಸಿನ ಹಣ್ಣು, ಇನ್ನೊಂದು ಕೈಲಿ ಹಳೇ ಪಂಚೆ ಸುತ್ತಿದ ಗಾಳದ ಕಡ್ಡಿ, ಚೀಲದಲ್ಲಿ ಹಾರ್ಲಿಕ್ಸ್ ಬಾಟ್ಲಿ ತುಂಬ ಮಣ್ಣಿನ ಸಮೇತ ಎರೆಹುಳ. ಬಸ್ಸಲ್ಲಿ ಕಂಡಕ್ಟರ್ ಏನ್ ಯಜಮಾನ್ರೇ ಅದು ಅಂತ ಕೇಳಿದ್ದಕ್ಕೆ ಗಿಡಕ್ಕೆ ಗೊಬ್ಬರ ಅಂದ್ರಂತೆ. ಕಾಫಿ ಕುಡೀತಾ, "ನಿಮ್ಮನೆ ಹಿಂದ್ಗಡೆ ಕೆರೆ ಐತೆ ಅಂತಿದ್ಯಲ್ಲ, ಬೆಳಿಗ್ಗೆ ಹೋಗಣ ನಡಿ" ಅಂದ್ರು. ಲೇಕ್ ವ್ಯೂ ಅಂತ ಹೇಳಿ ಸ್ಕ್ವೇರ್ ಫೀಟಿಗೆ ಜಾಸ್ತಿ ದುಡ್ಡು ಕಿತ್ಕೊಂಡಿರೋ ಕೆರೆ ಅದು, ಇಷ್ಟು ವರ್ಷ ಕಿಟಕಿ ಮುಚ್ಕೊಂಡೇ ವ್ಯೂ ನೋಡಿದ್ದು (ತೆಗೆದ್ರೆ ಸೊಳ್ಳೆ), ಸರಿ ಹೋಗೇಬಿಡೋಣ ಅಂತ ಹೊರಟ್ವಿ.

ಗೇಟಲ್ಲೇ ಆಳೆತ್ತರದ ಬೋರ್ಡು. ಈಜಬಾರದು, ಬಟ್ಟೆ ಒಗೀಬಾರದು, ದನ ತೊಳೀಬಾರದು, ಮೀನಿಗೆ ಬ್ರೆಡ್ ಹಾಕಬಾರದು, ಮೀನು ಹಿಡೀಬಾರದು, ಸೈಕಲ್ ತರಬಾರದು, ಹುಲ್ಲಿನ ಮೇಲೆ ಕೂರಬಾರದು, ಸಮಯ ಮೀರಿ ಒಳಗಿರಬಾರದು. ಕಟ್ಟಕಡೇಲಿ ದಪ್ಪಕ್ಷರದಲ್ಲಿ "ಈ ಕೆರೆ ನಿಮ್ಮದು". ಮಾವ ಒಂದೊಂದೇ ಸಾಲು ಬೆರಳಿಟ್ಟು ಓದಿ, "ನಮ್ದೇ ಅಂದ್ಮೇಲೆ ಇಷ್ಟೊಂದ್ ಬಾರದು ಯಾಕ್ಲಾ" ಅಂದ್ರು.

ಪಂಚೆ ಬಿಚ್ಚಿ ಗಾಳ ಹೊರಗೆ ತೆಗೆದಿದ್ದೇ ತಡ ವಿಸಿಲ್ ಬಿತ್ತು. ಸೆಕ್ಯುರಿಟಿಯವನು ಓಡಿಬಂದು "ಫಿಶಿಂಗ್ ಇಲ್ಲ ಸಾರ್, ಆಮೇಲೆ ಬೈಗುಳ ತಿನ್ನೋದು ನಾನು" ಅಂದ. ಮಾವ ಕೆರೆ ಮಧ್ಯಕ್ಕೆ ಕೈ ತೋರಿಸಿದ್ರು. ಅಲ್ಲಿ ಥರ್ಮಾಕೋಲ್ ತುಂಡುಗಳನ್ನ ಗೋಣಿಚೀಲದಲ್ಲಿ ಹೊಲಿದು ಮಾಡಿದ ತೆಪ್ಪದ ಮೇಲೆ ಇಬ್ರು ಕೂತ್ಕೊಂಡು ಬಲೆ ಎಳೀತಾ ಇದ್ರು.

"ಅವ್ರೇನ್ ಮಾಡ್ತಾವ್ರಪ್ಪ, ಯೋಗಾಸನನಾ?"

"ಅವ್ರು ಟೆಂಡರ್ ಸಾರ್."

"ನಾನೂ ಹಾಕ್ತೀನಿ ಟೆಂಡರ್ರು. ಒಂದೇ ಗಾಳ, ಅರ್ಧ ಗಂಟೆ."

"ಅದು ಇಲ್ಲಿ ಬರಲ್ಲ ಸಾರ್, ಬೇರೆ ಆಫೀಸು."

ಆ ಬೇರೆ ಆಫೀಸು ಅನ್ನೋ ಪದದಲ್ಲೇ ಇಡೀ ಬೆಂಗಳೂರಿನ ಕೆರೆಗಳ ಕಥೆ ಇದೆ ಅಂತ ಮಾವಂಗೆ ಹೇಗ್ ಹೇಳೋದು. ಹಳ್ಳಿಲಿ ಹಿಂದೆ ನೀರುಗಂಟಿ ಅಂತ ಒಬ್ಬ ಇರ್ತಿದ್ದ, ತೂಬು ಎತ್ತೋದು ಅವನೇ, ಯಾರ ಗದ್ದೆಗೆ ಎಷ್ಟು ನೀರು ಅಂತ ಬಿಡೋದೂ ಅವನೇ, ಏರಿ ಬಿರುಕು ಬಿಟ್ರೆ ಊರಿಗೆ ಕೂಗಿ ಹೇಳೋದೂ ಅವನೇ, ಸುಗ್ಗಿ ಬಂದ್ರೆ ಕಣದಲ್ಲಿ ಅವನ ಪಾಲಿನ ಕಾಳು ಅಳೆದು ಕೊಡ್ತಿದ್ರು, ಮುಗೀತು. ನಮ್ಮಲ್ಲಿ ಕೆರೆ ದಡ, ವಾಕಿಂಗ್ ಪಾತು ಪಾಲಿಕೇದು. ಒಳಗಿನ ಮೀನು ಮೀನುಗಾರಿಕೆ ಇಲಾಖೆದು. ಕೆರೆಗೆ ಬರೋ ಯುಜಿಡಿ, ಅಂದ್ರೆ ಒಳಚರಂಡಿ ಪೈಪು ಜಲಮಂಡಳಿದು. ಬೆಳ್ಳಂದೂರು, ವರ್ತೂರು ಕೆರೆ ಆದ್ರೆ ಬಿಡಿಎ, ಅಂದ್ರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ್ದು. ಒತ್ತುವರಿ ಅಳೆಯೋಕೆ ಕಂದಾಯದವರು, ನೀರನ್ನ ಬಾಟ್ಲಿಗೆ ತುಂಬಿ ಗ್ರೇಡು ಕೊಡೋಕೆ ಮಾಲಿನ್ಯ ನಿಯಂತ್ರಣ ಮಂಡಳಿ. ಇಷ್ಟೂ ಜನಾನ ಒಟ್ಟಿಗೆ ನೋಡ್ಕೊಳ್ಳೋಕೆ ಅಂತ 2002ರಲ್ಲಿ ಲೇಕ್ ಡೆವಲಪ್‌ಮೆಂಟ್ ಅಥಾರಿಟಿ ಮಾಡಿದ್ರು, ಅದು ಆಮೇಲೆ ಕೆರೆ ಸಂರಕ್ಷಣಾ ಪ್ರಾಧಿಕಾರ ಆಯ್ತು, ಅದನ್ನೂ ಮುಚ್ಚಿ ಇನ್ನೊಂದು ಪ್ರಾಧಿಕಾರಕ್ಕೆ ಸೇರಿಸಿದ್ರು, 2025ರಲ್ಲಿ ಬಿಬಿಎಂಪಿ ಅನ್ನೋ ಮಹಾನಗರ ಪಾಲಿಕೆನೇ ಹೋಗಿ ಗ್ರೇಟರ್ ಬೆಂಗಳೂರು ಅಂತ ಐದು ಪಾಲಿಕೆ ಬಂತು. ಪ್ರತಿ ಸಲಾನೂ ಬೋರ್ಡಿಗೆ ಹೊಸ ಪೇಂಟು. ಕೆರೇಲಿ ಕಾಲಕಾಲಕ್ಕೆ ಕ್ಲೀನ್ ಆಗೋ ವಸ್ತು ಅಂದ್ರೆ ಆ ಬೋರ್ಡೇ.

ಹೀಗಾಗಿ ಮೀನಿನ ಪೌರತ್ವದ ಪ್ರಶ್ನೆ ಬಹಳ ಸೂಕ್ಷ್ಮ. ಈಜಾಡ್ತಿದ್ರೆ ಮೀನುಗಾರಿಕೆ ಇಲಾಖೆಗೆ ಸೇರುತ್ತೆ, ಸತ್ತು ತೇಲಿದ್ರೆ ಘನತ್ಯಾಜ್ಯ ವಿಭಾಗಕ್ಕೆ. ಮಧ್ಯೆ ಬಾಯಿ ಬಾಯಿ ಬಿಡ್ತಾ ಉಸಿರಿಗೆ ಒದ್ದಾಡೋ ಟೈಮಲ್ಲಿ ಅದು ಯಾರಿಗೂ ಸೇರಲ್ಲ, ಆವಾಗ ಫೈಲು ಟ್ರಾನ್ಸಿಟ್‌ನಲ್ಲಿ ಇರುತ್ತೆ. 2016ರ ಮಾರ್ಚಲ್ಲಿ ಹಲಸೂರು ಕೆರೇಲಿ ಸಾವಿರಾರು ಮೀನು ಒಂದೇ ಸಲ ಹೊಟ್ಟೆ ಮೇಲೆ ಮಾಡಿ ದಡಕ್ಕೆ ಬಂದಿದ್ದು ನೆನಪಿರಬೇಕಲ್ಲ. ನೀರಲ್ಲಿ ಆಮ್ಲಜನಕ ಕಮ್ಮಿ ಆಗಿತ್ತು ಅನ್ನೋದು ಕಾರಣ, ಸರಿನೇ, ಕೊಳಚೆ ನೀರು ಬಂದ್ರೆ ಅದನ್ನ ಕೊಳೆಸೋ ಬ್ಯಾಕ್ಟೀರಿಯಾನೇ ಆಮ್ಲಜನಕ ಎಲ್ಲಾ ನುಂಗಿಬಿಡುತ್ತೆ, ಮೀನಿಗೆ ಏನೂ ಉಳಿಯಲ್ಲ. ಆದ್ರೆ ಆ ಕಾರಣ ಹೇಳೋ ಧಾಟಿ ಹೇಗಿರುತ್ತೆ ಅಂದ್ರೆ ಆಮ್ಲಜನಕ ತಾನಾಗೇ ಬೇಜಾರಾಗಿ ರಾಜೀನಾಮೆ ಕೊಟ್ಟು ಹೋಯ್ತೇನೋ ಅನ್ನೋ ಹಾಗೆ.

ಬೆಳ್ಳಂದೂರಂತೂ ಬಿಡಿ, ಅದು ನೀರಿಗೇ ಬೆಂಕಿ ಹತ್ತೋ ಕೆರೆ, 2018ರ ಜನವರಿಯಲ್ಲಿ ಸೈನಿಕರು ಬಂದು ಆರಿಸಬೇಕಾಯ್ತು. ಅಲ್ಲಿ ಮೀನು ಹಿಡಿಯೋದೇನು, ಸುಟ್ಟಿದ್ದೇ ಸಿಗುತ್ತೆ.

ಗಾಳ ಬೇಡ ಅಂದ್ರೆ ಬೋಟಾದ್ರೂ ಹತ್ತಣ ಅಂತ ಮಾವ. ಬೋಟು ಇತ್ತು. ಹಂಸದ ಆಕಾರದ ಪೆಡಲ್ ಬೋಟು, ಕತ್ತು ಮುರಿದಿದ್ದನ್ನ ಸೆಂಟ್ರಿಂಗ್ ತಂತೀಲಿ ಬಿಗಿದಿದ್ರು, ಹಾಗಾಗಿ ಹಂಸ ಪೂರ್ತಿ ಹಿಂದಕ್ಕೆ ತಿರುಗಿ ತನ್ನ ಬಾಲಾನೇ ನೋಡ್ತಾ ಇತ್ತು. ಲೈಫ್ ಜಾಕೆಟ್ ಮೇಲೆ ನಾಯಿ ಮರಿ ಹಾಕಿತ್ತು. ಸೀಟಲ್ಲಿ ಗೇಣುದ್ದ ಮಳೆನೀರು ನಿಂತಿತ್ತು, ನಾನು ಬಗ್ಗಿ ನೋಡ್ದೆ, ತಳ ಕಾಣ್ತಿತ್ತು. ಇಡೀ ಕೆರೇಲಿ ತಳ ಕಾಣೋ ನೀರು ಅಂದ್ರೆ ಅದೊಂದೇ. ಟಿಕೆಟ್ ಕೌಂಟರ್ ಕಿಂಡೀಲಿ ಪಾರಿವಾಳ ಗೂಡು ಕಟ್ಟಿತ್ತು. "ಬೋಟಿಂಗ್ ಯಾವಾಗ ಶುರು?" ಅಂದ್ರೆ ಸೆಕ್ಯುರಿಟಿಯವನು "ಉದ್ಘಾಟನೆ ಆಗಿದೆ ಸಾರ್, ಶುರು ಆಗಿಲ್ಲ" ಅಂದ. ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಯಾವ ಆಫೀಸಲ್ಲೂ ಸಿಕ್ಕಿಲ್ಲ.

ಹಾಗಂತ ಬೋಟಿಂಗ್ ಅಂದ್ರೆ ನಮ್ಮೋರಿಗೆ ಆಸೆ ಇಲ್ಲ ಅಂತಲ್ಲ. ಒಂದು ಕಾಲದಲ್ಲಿ ಇದೇ ಊರಿನ ಕೆರೆಗಳನ್ನ 15 ವರ್ಷಕ್ಕೆ ಅಂತ ಖಾಸಗಿಯವರಿಗೆ ಲೀಸಿಗೆ ಕೊಟ್ಟಿದ್ರು, ಹೆಬ್ಬಾಳದ್ದು ಒಂದು ದೊಡ್ಡ ಹೋಟೆಲ್ ಕಂಪನಿಗೆ, ನಾಗವಾರದ್ದು ಬೋಟು, ಅಲೆ ಏಳೋ ಈಜುಕೊಳ ಎಲ್ಲಾ ಇರೋ ಪಾರ್ಕಿನವರಿಗೆ, ಜನ ಹೈಕೋರ್ಟಿಗೆ ಹೋದ್ರು, 2012ರಲ್ಲಿ ಕೋರ್ಟು ಕೆರೆ ಸಾರ್ವಜನಿಕರದ್ದು ಅಂತ ಹೇಳ್ತು. ಆ ಸಾರ್ವಜನಿಕರಲ್ಲಿ ಒಬ್ರು ಗಾಳ ಹಿಡ್ಕೊಂಡು ನನ್ ಪಕ್ಕದಲ್ಲೇ ನಿಂತಿದ್ರು.

ಹೋಗ್ಲಿ ಒಂದು ಸುತ್ತು ನಡೆಯೋಣ ಅಂತ ಹೊರಟ್ರೆ ಆ ಕಡೆ ಮೂಲೇಲಿ ರಾಜಕಾಲುವೆ, ಮಳೆನೀರು ಹರಿಯೋಕೆ ಅಂತ ಇರೋ ದೊಡ್ಡ ಕಾಲುವೆ. ಬೂದು ಬಣ್ಣದ ನೀರು ನೊರೆ ಕಟ್ಕೊಂಡು ದಬದಬ ಅಂತ ಕೆರೆ ಒಳಗೆ ನುಗ್ತಾ ಇದೆ, ನಮ್ಮ ಅಪಾರ್ಟ್‌ಮೆಂಟಿನ ಕಾಣಿಕೆನೂ ಅದರಲ್ಲಿ ಇಲ್ಲ ಅಂತ ನಾನು ಆಣೆ ಮಾಡಲ್ಲ. ಅದಕ್ಕೆ ಗೇಟಿಲ್ಲ, ಟೈಮಿಂಗ್ ಇಲ್ಲ, ವಿಸಿಲ್ ಇಲ್ಲ, ಟೆಂಡರ್ರೂ ಬೇಡ. ಮಾವ ಮೂಗಿಗೆ ಟವೆಲ್ ಹಿಡ್ಕೊಂಡು ಸೆಕ್ಯುರಿಟಿಯವನನ್ನ ಕೇಳಿದ್ರು, "ಇದನ್ನ ಯಾಕಪ್ಪ ತಡೀಲಿಲ್ಲ?" ಅವನು ಬೋರ್ಡ್ ಕಡೆ ನೋಡಿ, "ಅದ್ರಲ್ಲಿ ಬರೆದಿಲ್ವಲ್ಲ ಸಾರ್" ಅಂದ.

ಅಷ್ಟೊತ್ತಿಗೆ ತೆಪ್ಪ ದಡಕ್ಕೆ ಬಂತು. ಬಲೇಲಿ ನಾಲ್ಕು ಜಿಲೇಬಿ ಮೀನು, ಮಿಕ್ಕಿದ್ದೆಲ್ಲಾ ಮೀಸೆ ಇರೋ ಕರೀ ಆಫ್ರಿಕನ್ ಕ್ಯಾಟ್‌ಫಿಶ್. ದೇಶದಲ್ಲಿ ಅದನ್ನ ಸಾಕೋದೇ ಬ್ಯಾನು, ಆದ್ರೆ ಆಸಾಮಿ ನೀರಲ್ಲಿ ಆಮ್ಲಜನಕ ಇಲ್ದಿದ್ರೆ ಮೇಲೆ ಬಂದು ಗಾಳೀನೇ ಕುಡಿದು ಬದುಕ್ತಾನೆ, ಯಾವ ಇಲಾಖೆನೂ ನಂಬ್ಕೊಂಡಿಲ್ಲ. ಬ್ಯಾನ್ ಆಗಿರೋ ಮೀನು ಒಳಗೆ ಆರಾಮಾಗಿದೆ, ಬ್ಯಾನ್ ಆಗಿರೋ ಗಾಳ ಹೊರಗೆ ನಿಂತಿದೆ.

ಮಾವನ ಮುಖ ನೋಡಿ ಸೆಕ್ಯುರಿಟಿಯವನಿಗೆ ಪಾಪ ಅನ್ನಿಸ್ತೇನೋ, ಹತ್ರ ಬಂದು ಮೆಲ್ಲಗೆ "ನಾಳೆ ಐದು ಗಂಟೆಗೆ ಹಿಂದಿನ ಗೇಟಿಗೆ ಬನ್ನಿ ಸಾರ್, ಫ್ರೆಶ್ ಸಿಗುತ್ತೆ, ರೇಟ್ ನಾನ್ ಹೇಳಿ ಕೊಡಿಸ್ತೀನಿ" ಅಂದ.

"ನೀನೂ ಇಲ್ಲೇ ತಗೊಂತೀಯಾ?"

"ಅಯ್ಯೋ, ಈ ಕೆರೇದಾ? ನಾವು ತಿನ್ನಲ್ಲಪ್ಪ."

ಮಾವ ಏನೂ ಮಾತಾಡ್ಲಿಲ್ಲ. ಗಾಳಕ್ಕೆ ಮತ್ತೆ ಪಂಚೆ ಸುತ್ತಿದ್ರು. ಮನೆಗೆ ಬಂದು ಹಾರ್ಲಿಕ್ಸ್ ಬಾಟ್ಲೀನ ಬಾಲ್ಕನಿ ತುಳಸಿ ಪಾಟಿಗೆ ಬಗ್ಗಿಸಿದ್ರು, ಹುಳ ಎಲ್ಲಾ ಚೆನ್ನಾಗೇ ಇದ್ವು.